ಮೆದುಳಿನಲ್ಲಿ ಸೆರೊಟೋನಿನ್ ಕಡಿಮೆಯಾದರೆ ಖಿನ್ನತೆ ಬರುತ್ತದೆಯೇ?

ನಿಮ್ಮ ಅಕ್ಕನಿಗೆ ಖಿನ್ನತೆಗೆಂದು ಎಸ್ಸಿಟಲೋಪ್ರಾಮ್ ಮಾತ್ರೆ ಬರೆದುಕೊಟ್ಟಿದ್ದಾರೆ, ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿದೆ ಎಂದು ಮನೆಯವರಿಗೆ ವಿವರಿಸಿದ್ದಾರೆ ಎಂದು ಬರೆದಿದ್ದೀರಿ. ಅದನ್ನು ರಕ್ತಪರೀಕ್ಷೆಯಿಂದ ಅಳೆಯಬಹುದೇ, ಸಂತೋಷ, ದುಃಖ, ಸಿಟ್ಟುಗಳೆಲ್ಲ ರಾಸಾಯನಿಕಗಳ ಹೆಚ್ಚುಕಡಿಮೆಯಷ್ಟೇ ಆಗಿದ್ದರೆ ಅಕ್ಕನ ಹತ್ತಿರ ಕೂತು ಮಾತನಾಡುವುದರಿಂದ ಏನು ಪ್ರಯೋಜನ ಎಂದೂ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಫಾರ್ಮಸಿ ವಿದ್ಯಾರ್ಥಿಗಳಿಗೆ ಔಷಧ ವಿಜ್ಞಾನ ಪಾಠ ಮಾಡುತ್ತೇನೆ, ವೈದ್ಯ ವೃತ್ತಿಯಲ್ಲಿಲ್ಲ. ನಿಮ್ಮ ಅಕ್ಕನ ಚಿಕಿತ್ಸೆ ಹೇಗಿರಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ರಾಸಾಯನಿಕಗಳು ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂಬುದನ್ನು ವಿವರವಾಗಿ ಹೇಳಬಲ್ಲೆ.

ಮೊದಲು ಪರೀಕ್ಷೆಯ ವಿಷಯ. ಮೆದುಳಿನಲ್ಲಿ ಸೆರೊಟೋನಿನ್ ಇಷ್ಟಿದ್ದರೆ ಆರೋಗ್ಯ, ಇದಕ್ಕಿಂತ ಇಳಿದರೆ ಖಿನ್ನತೆ ಎಂದು ಅಳೆದು ಹೇಳುವ ಪರೀಕ್ಷೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಶರೀರದ ಸೆರೊಟೋನಿನ್‌ನಲ್ಲಿ ಸುಮಾರು ಶೇಕಡಾ 90ರಷ್ಟು ಇರುವುದು ಕರುಳಿನಲ್ಲಿ; ಅಲ್ಲಿಂದ ರಕ್ತಕ್ಕೆ ಸೇರಿದ್ದನ್ನು ಪ್ಲೇಟ್‌ಲೆಟ್‌ಗಳು ಹೀರಿಕೊಂಡು ಇಟ್ಟುಕೊಳ್ಳುತ್ತವೆ. ರಕ್ತಕ್ಕೂ ಮೆದುಳಿಗೂ ನಡುವೆ ಇರುವ ತಡೆಯನ್ನು ಸೆರೊಟೋನಿನ್ ದಾಟಲಾರದಾದ್ದರಿಂದ, ಮೆದುಳು ತನಗೆ ಬೇಕಾದಷ್ಟನ್ನು ಆಹಾರದಲ್ಲಿ ಬರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ತಾನೇ ತಯಾರಿಸಿಕೊಳ್ಳುತ್ತದೆ. ಹೀಗಾಗಿ ತೋಳಿನಿಂದ ತೆಗೆದ ರಕ್ತದಲ್ಲಿ ಅದರ ಪ್ರಮಾಣ ಎಷ್ಟೇ ಬರಲಿ, ಮನಸ್ಸಿನ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ಮನೋವೈದ್ಯರು ಖಿನ್ನತೆಯನ್ನು ಗುರುತಿಸುವುದು ರೋಗಿಯೊಡನೆ ಮಾತನಾಡಿ, ಬೇಸರ, ನಿದ್ದೆ, ಹಸಿವು, ಆಸಕ್ತಿ, ದಣಿವು ಎಷ್ಟು ವಾರಗಳಿಂದ ಹೇಗಿವೆ ಎಂದು ವಿಚಾರಿಸಿಯೇ. ಆದರೆ ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಬಿ12 ಪರೀಕ್ಷೆಗಳನ್ನು ಮಾಡಿಸದೆ ಇದ್ದರೆ ಅವುಗಳ ಬಗ್ಗೆ ಖಂಡಿತ ಕೇಳಿ, ಏಕೆಂದರೆ ಇವುಗಳ ಕೊರತೆಯಲ್ಲೂ ಖಿನ್ನತೆಯನ್ನೇ ಹೋಲುವ ಮಂಕು ಕವಿಯುತ್ತದೆ.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶದ ತುದಿಗೂ ಮುಂದಿನ ಕೋಶಕ್ಕೂ ನಡುವೆ, ಒಂದು ಮಿಲಿಮೀಟರನ್ನು ಐವತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ಕಿರಿದಾದ ಸಂದು ಇರುತ್ತದೆ. ವಿದ್ಯುತ್ ಸಂಕೇತ ತುದಿಗೆ ಬಂದಾಗ ಅಲ್ಲಿಂದ ನರವಾಹಕ ಎಂಬ ರಾಸಾಯನಿಕ (ಸೆರೊಟೋನಿನ್ ಅಂಥದ್ದೊಂದು) ಬಿಡುಗಡೆಯಾಗಿ, ಸಂದನ್ನು ದಾಟಿ, ಆಚೆ ದಡದಲ್ಲಿರುವ ಗ್ರಾಹಕಗಳೆಂಬ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ನರಗಳು ರಾಸಾಯನಿಕದ ಮೂಲಕ ಕೆಲಸ ಮಾಡುತ್ತವೆ ಎಂಬುದನ್ನು 1921ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಓಟ್ಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆ ಹೃದಯಗಳಿಂದ ತೋರಿಸಿಕೊಟ್ಟರು. ಒಂದು ಹೃದಯದ ವೇಗಸ್ ನರವನ್ನು ಪ್ರಚೋದಿಸಿ ಬಡಿತ ನಿಧಾನವಾಗುವಂತೆ ಮಾಡಿ, ಅದರ ಸುತ್ತಲಿನ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದಾಗ, ನರವನ್ನು ಮುಟ್ಟದೆಯೇ ಅದರ ಬಡಿತವೂ ನಿಧಾನವಾಯಿತು. ಆ ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್ ಎಂಬ ನರವಾಹಕ. ಈ ಕೆಲಸಕ್ಕೆ ಲೋವಿಯವರಿಗೆ 1936ರಲ್ಲಿ ಹೆನ್ರಿ ಡೇಲ್ ಅವರೊಡನೆ ನೊಬೆಲ್ ಪ್ರಶಸ್ತಿ ಬಂತು.

ಅಸಿಟೈಲ್‌ಕೋಲಿನ್‌ನ ಕೆಲಸವನ್ನು ಮಲೆನಾಡಿನವರು ಕಣ್ಣಾರೆ ನೋಡಿರುತ್ತಾರೆ. ಅಭ್ಯಾಸವಿಲ್ಲದವರು ಎಲೆ-ಅಡಿಕೆ ಹಾಕಿಕೊಂಡಾಗ ಕೆಲವೊಮ್ಮೆ ಅಡಿಕೆ ಸೊಕ್ಕುತ್ತದೆ: ಕಿವಿ ಬಿಸಿಯಾಗಿ, ಮುಖ ಕೆಂಪಾಗಿ, ಹಣೆಯ ಮೇಲೆ ಬೆವರು ಸಾಲುಗಟ್ಟಿ, ತಲೆ ತಿರುಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರ ಅಸಿಟೈಲ್‌ಕೋಲಿನ್‌ನ ಗ್ರಾಹಕಗಳ ಮೇಲೆ ತಾನೇ ಹೋಗಿ ಕೂರುವುದು ಇದಕ್ಕೆ ಕಾರಣ. ಬೆವರಿನ ಗ್ರಂಥಿಯಲ್ಲಿ ಆ ಗ್ರಾಹಕವಿದ್ದರೆ ಬೆವರು, ಜೊಲ್ಲಿನ ಗ್ರಂಥಿಯಲ್ಲಿದ್ದರೆ ಜೊಲ್ಲು, ಮೆದುಳಿನಲ್ಲಿದ್ದರೆ ಎಚ್ಚರ ಮತ್ತು ಹಿತ. ತೋಟದ ಕೆಲಸದ ನಡುವೆ ಒಂದು ಕವಳ ಹಾಕಿದರೆ ದಣಿವು ಹಿಂದೆ ಸರಿದಂತಾಗುವುದು ಸುಳ್ಳಲ್ಲ. ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು ಎಂಬುದೂ ಸತ್ಯ. ಅಡಿಕೆಯಿಂದಲೇ ಬದುಕುವ ಜಿಲ್ಲೆಯಲ್ಲಿ ಇದನ್ನು ಹೇಳುವುದು ಕಷ್ಟ, ಆದರೆ ಮುಚ್ಚಿಡುವುದು ತಪ್ಪು.

ಒಂದೇ ಅಸಿಟೈಲ್‌ಕೋಲಿನ್ ಹೃದಯವನ್ನು ನಿಧಾನಗೊಳಿಸುತ್ತದೆ, ಕೈಕಾಲಿನ ಸ್ನಾಯುವನ್ನು ಬಿಗಿಸುತ್ತದೆ, ಮೆದುಳಿನಲ್ಲಿ ಗಮನ ಮತ್ತು ನೆನಪಿಗೆ ನೆರವಾಗುತ್ತದೆ. ಹಾಗಿದ್ದರೆ ಆ ರಾಸಾಯನಿಕದ ಅರ್ಥವೇನು? ಅದಕ್ಕೆ ತನ್ನದೇ ಆದ ಅರ್ಥವಿಲ್ಲ. ಗಂಟೆಯ ಸದ್ದು ಒಂದೇ ಆದರೂ ಶಾಲೆಯಲ್ಲಿ ಹೊಡೆದರೆ ಮಕ್ಕಳು ಮನೆಗೆ ಓಡುತ್ತಾರೆ, ದೇವಸ್ಥಾನದಲ್ಲಿ ಹೊಡೆದರೆ ಮಂಗಳಾರತಿಗೆ ಎದ್ದು ನಿಲ್ಲುತ್ತಾರೆ. ಯಾರು, ಎಲ್ಲಿ ಕೇಳಿಸಿಕೊಂಡರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸೆರೊಟೋನಿನ್‌ಗೆ ಇದುವರೆಗೆ ಗೊತ್ತಿರುವ ಗ್ರಾಹಕಗಳೇ 14 ಬಗೆಯವು. ಡೋಪಮಿನ್ ಎಂಬ ಇನ್ನೊಂದು ನರವಾಹಕಕ್ಕೆ 5. ಡೋಪಮಿನ್ ತಯಾರಿಸುವ ಕೋಶಗಳು ಮೆದುಳಿನ ಒಂದು ಭಾಗದಲ್ಲಿ ನಾಶವಾದರೆ ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ; ಇನ್ನೊಂದು ಭಾಗದಲ್ಲಿ ಅದೇ ಡೋಪಮಿನ್ ಬಯಕೆಯನ್ನು ಎಬ್ಬಿಸುತ್ತದೆ; ಪಿಟ್ಯುಟರಿ ಗ್ರಂಥಿಯಲ್ಲಿ ಎದೆಹಾಲಿಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ತಡೆಹಿಡಿಯುತ್ತದೆ. ಹೀಗಿರುವಾಗ ಡೋಪಮಿನ್ ಎಂದರೆ ಖುಷಿ, ಸೆರೊಟೋನಿನ್ ಎಂದರೆ ನೆಮ್ಮದಿ, ಆಕ್ಸಿಟೋಸಿನ್ ಎಂದರೆ ಪ್ರೀತಿ ಎಂದು ಮೊಬೈಲ್ ವಿಡಿಯೊಗಳು ಹಂಚುವ ಪಟ್ಟಿಯನ್ನು ದಯವಿಟ್ಟು ನಂಬಬೇಡಿ.

ಡೋಪಮಿನ್ ಬಗ್ಗೆ ಇನ್ನಷ್ಟು ಹೇಳಬೇಕು. ಸ್ವಿಟ್ಜರ್ಲೆಂಡಿನಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಮಂಗಗಳ ಡೋಪಮಿನ್ ಕೋಶಗಳನ್ನು ಗಮನಿಸಿದಾಗ, ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕರೆ ಆ ಕೋಶಗಳು ಚುರುಕಾಗುತ್ತಿದ್ದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆಂದು ಮಂಗ ಕಲಿತ ಬಳಿಕ ದೀಪ ಕಂಡಾಗಲೇ ಚುರುಕಾಗಿ, ರಸ ಬಂದಾಗ ಸುಮ್ಮನಿರುತ್ತಿದ್ದವು. ದೀಪ ಹೊತ್ತಿಯೂ ರಸ ಬಾರದಿದ್ದರೆ ಸರಿಯಾಗಿ ಆ ಹೊತ್ತಿಗೆ ಅವುಗಳ ಚಟುವಟಿಕೆ ಕುಸಿಯುತ್ತಿತ್ತು. ಅಂದರೆ ಈ ಕೋಶಗಳು ತಿಳಿಸುವುದು ಸಿಕ್ಕದ್ದೆಷ್ಟು ಎಂಬುದನ್ನಲ್ಲ, ನಿರೀಕ್ಷಿಸಿದ್ದಕ್ಕೂ ಸಿಕ್ಕದ್ದಕ್ಕೂ ಇರುವ ಅಂತರವನ್ನು. ಶಿವಮೊಗ್ಗದ ಎಪಿಎಂಸಿಗೆ ರಾಶಿ ಅಡಿಕೆಯ ಮೂಟೆ ಇಳಿಸಿ ಧಾರಣೆ ಕೇಳುವ ಇಬ್ಬರು ಬೆಳೆಗಾರರನ್ನು ನೆನೆಸಿಕೊಳ್ಳಿ. ಇಬ್ಬರಿಗೂ ಸಿಗುವ ದರ ಒಂದೇ. ಧಾರಣೆ ಬಿದ್ದಿದೆ ಎಂಬ ಸುದ್ದಿ ಕೇಳಿ ಬಂದವನು ನಗುತ್ತ ಹೊರಡುತ್ತಾನೆ, ಏರಿದೆ ಎಂಬ ಮಾತು ನಂಬಿ ಬಂದವನು ಮುಖ ಬಾಡಿಸಿಕೊಂಡು ಹೊರಡುತ್ತಾನೆ. ಭಾವನೆಯಲ್ಲಿ ರಾಸಾಯನಿಕದ ಪಾತ್ರ ದೊಡ್ಡದೇ. ಆದರೆ ಆ ರಾಸಾಯನಿಕವನ್ನು ಆಡಿಸುವುದರಲ್ಲಿ ನಮ್ಮ ಅನುಭವ, ನಿರೀಕ್ಷೆ, ಕೇಳಿದ ಮಾತು ಇವುಗಳ ಪಾತ್ರವೂ ಅಷ್ಟೇ ದೊಡ್ಡದು.

ಇನ್ನು, ಸೆರೊಟೋನಿನ್ ಕೊರತೆಯೇ ಖಿನ್ನತೆ ಎಂಬ ಮಾತು ಹುಟ್ಟಿದ ಬಗೆ. ಇದರ ಬೇರು ಅಕ್ಷರಶಃ ನಮ್ಮ ಕಾಡುಗಳಲ್ಲಿಯೂ ಬೆಳೆಯುವ ಒಂದು ಗಿಡದಲ್ಲಿದೆ. ಸರ್ಪಗಂಧವನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ ನಾನು ಗಿಡದ ಮುಂದೆಯೇ ಈ ಕಥೆ ಹೇಳುತ್ತೇನೆ: ಗೆಣ್ಣಿಗೆ ಮೂರರಂತೆ ಸುತ್ತಲೂ ಎಲೆ, ಕೆಂಪು ತೊಟ್ಟಿನ ಮೇಲೆ ಬಿಳಿ ಹೂಗೊಂಚಲು, ಬಲಿತರೆ ಕಪ್ಪಗಾಗುವ ಪುಟ್ಟ ಹಣ್ಣು, ನಾಲಗೆಗೆ ತಾಕಿದರೆ ಕಡುಕಹಿಯಾದ ಬೇರು. ಈ ಬೇರಿನ ಪುಡಿ ಏರಿದ ರಕ್ತದೊತ್ತಡವನ್ನೂ ಉನ್ಮಾದವನ್ನೂ ತಗ್ಗಿಸುತ್ತದೆ ಎಂದು 1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಜಗತ್ತು ಕಣ್ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು.

ರಿಸರ್ಪಿನ್ ಕೊಟ್ಟರೆ ಮೆದುಳಿನ ಕೋಶಗಳಲ್ಲಿ ಕೂಡಿಟ್ಟ ಸೆರೊಟೋನಿನ್, ಡೋಪಮಿನ್, ನಾರ್‌ಅಡ್ರಿನಲಿನ್‌ಗಳು ಬರಿದಾಗುತ್ತವೆ ಎಂದು 1950ರ ದಶಕದಲ್ಲಿ ಗೊತ್ತಾಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟು ಅವು ಅಲುಗಾಡದೆ ಬಿದ್ದಿರುವುದನ್ನೂ, ಮೆದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಡುವ ಎಲ್-ಡೋಪಾ ಕೊಟ್ಟೊಡನೆ ಎದ್ದು ಓಡಾಡುವುದನ್ನೂ ತೋರಿಸಿದರು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆ ಬೆಳೆದದ್ದು ಇಲ್ಲಿಂದ, ಅವರಿಗೆ 2000ದಲ್ಲಿ ನೊಬೆಲ್ ಬಂತು. ಇದೇ ಕಾಲದಲ್ಲಿ ರಕ್ತದೊತ್ತಡಕ್ಕೆ ರಿಸರ್ಪಿನ್ ತೆಗೆದುಕೊಳ್ಳುತ್ತಿದ್ದ ಕೆಲವರು ಖಿನ್ನರಾದರೆಂದು ವೈದ್ಯರು ವರದಿ ಮಾಡಿದರು. ಇತ್ತ ಕ್ಷಯರೋಗಕ್ಕೆ ಕೊಟ್ಟ ಇಪ್ರೊನಯಜಿಡ್ ಎಂಬ ಔಷಧದಿಂದ ರೋಗಿಗಳು ಗೆಲುವಾದರು, ಅದು ಇದೇ ರಾಸಾಯನಿಕಗಳನ್ನು ಹೆಚ್ಚಿಸುತ್ತದೆ ಎಂದೂ ತಿಳಿಯಿತು. ಬರಿದಾದರೆ ಖಿನ್ನತೆ, ತುಂಬಿದರೆ ಗೆಲುವು: ಎರಡೂ ತುದಿ ಕೂಡಿಕೊಂಡಂತೆ ಕಂಡಿತು.

ಆದರೆ ಕೂಡಿಕೊಂಡಿರಲಿಲ್ಲ. 1955ರಲ್ಲೇ ಲಂಡನ್ನಿನಲ್ಲಿ ಡೇವೀಸ್ ಮತ್ತು ಶೆಪರ್ಡ್ ಆತಂಕ ಹಾಗೂ ಖಿನ್ನತೆ ಇದ್ದ ರೋಗಿಗಳಿಗೆ ರಿಸರ್ಪಿನ್ ಕೊಟ್ಟು ನೋಡಿದಾಗ ಅವರಲ್ಲಿ ಸುಧಾರಣೆ ಕಂಡಿತ್ತು. ಆ ವರದಿಗೆ ಸಿಗಬೇಕಾದ ಗಮನ ಸಿಗಲಿಲ್ಲ. ಮುಂದೆ ಆರೋಗ್ಯವಂತರ ಆಹಾರದಲ್ಲಿ ಟ್ರಿಪ್ಟೊಫ್ಯಾನ್ ಇಲ್ಲದಂತೆ ಮಾಡಿ ಮೆದುಳಿನ ಸೆರೊಟೋನಿನ್ ತಯಾರಿಯನ್ನು ತಾತ್ಕಾಲಿಕವಾಗಿ ತಗ್ಗಿಸಿ ನೋಡಿದರು. ಅವರಲ್ಲಿ ಹೆಚ್ಚಿನವರಿಗೆ ಖಿನ್ನತೆ ಬರಲಿಲ್ಲ. ಹಿಂದೆ ಖಿನ್ನತೆಯಿಂದ ನರಳಿ, ಸೆರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆಗಳಿಂದ ಚೇತರಿಸಿಕೊಂಡಿದ್ದ ಹಲವರಲ್ಲಿ ಮಾತ್ರ ಹಳೆಯ ಲಕ್ಷಣಗಳು ಕೆಲವು ಗಂಟೆ ಮರಳಿದವು. ಖಿನ್ನತೆ ಇರುವವರಲ್ಲಿ ಸೆರೊಟೋನಿನ್ ಕಡಿಮೆಯಿರುತ್ತದೆ ಎನ್ನಲು ಸ್ಥಿರವಾದ ಪುರಾವೆಯಿಲ್ಲ ಎಂದು, ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಜೋಆನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು 2022ರಲ್ಲಿ ಬರೆದರು.

ಇದನ್ನು ಓದಿ ಮಾತ್ರೆ ವ್ಯರ್ಥ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ, ಅದು ಸರಿಯಲ್ಲ. ಜ್ವರ ಬಂದವನಿಗೆ ಪ್ಯಾರಸಿಟಮಾಲ್ ಕೊಟ್ಟರೆ ಜ್ವರ ಇಳಿಯುತ್ತದೆ, ಆದರೆ ಜ್ವರಕ್ಕೆ ಕಾರಣ ಪ್ಯಾರಸಿಟಮಾಲ್ ಕೊರತೆಯಲ್ಲ. ಎಸ್ಸಿಟಲೋಪ್ರಾಮ್‌ನಂಥ ಮಾತ್ರೆ ಸಂದಿನಲ್ಲಿ ಬಿಡುಗಡೆಯಾದ ಸೆರೊಟೋನಿನ್ ಮರಳಿ ಕೋಶದೊಳಗೆ ಸೇರದಂತೆ ಕೆಲವೇ ಗಂಟೆಗಳಲ್ಲಿ ತಡೆಯುತ್ತದೆ, ಮನಸ್ಸು ತಿಳಿಯಾಗುವುದಕ್ಕಾದರೆ ಎರಡರಿಂದ ನಾಲ್ಕು ವಾರ, ಕೆಲವರಿಗೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಆ ಅವಧಿಯಲ್ಲಿ ಗ್ರಾಹಕಗಳ ಸೂಕ್ಷ್ಮತೆ ಬದಲಾಗುತ್ತದೆ, ನರಕೋಶಗಳ ನಡುವಿನ ಕೊಂಡಿಗಳು ಹೊಸದಾಗಿ ಹೊಂದಿಕೊಳ್ಳುತ್ತವೆ. ನನ್ನ ತಿಳಿವಳಿಕೆಯಲ್ಲಿ ಮಾತ್ರೆಯ ನಿಜವಾದ ಕೆಲಸ ಈ ನಿಧಾನದ ಬದಲಾವಣೆಯಲ್ಲೇ ಇದೆ.

ಅಕ್ಕನೊಡನೆ ಮಾತನಾಡುವುದರಿಂದ ಏನು ಪ್ರಯೋಜನ ಎಂಬ ನಿಮ್ಮ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆಂದು ನನಗೆ ಅನಿಸುತ್ತದೆ. ನೀವು ಆಡುವ ಮಾತು ಕಿವಿಯಿಂದ ಒಳಹೊಕ್ಕ ಮೇಲೆ ಸಾಗುವುದು ಇದೇ ನರಕೋಶಗಳ, ಇದೇ ರಾಸಾಯನಿಕಗಳ ಹಾದಿಯಲ್ಲಿ. ಅದಕ್ಕೆ ಬೇರೆ ಹಾದಿಯಿಲ್ಲ. ಝೂರಿಕ್‌ನಲ್ಲಿ ಮಾರ್ಕುಸ್ ಹೈನ್ರಿಕ್ಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯುವಕರನ್ನು ಪರೀಕ್ಷಕರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿ, ಲೆಕ್ಕ ಹೇಳಿಸಿದರು. ಅದಕ್ಕೆ ಮುಂಚೆ ಆಪ್ತ ಗೆಳೆಯನೊಬ್ಬ ಜೊತೆಗಿದ್ದು ಧೈರ್ಯ ಹೇಳಿದವರಲ್ಲಿ, ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಒಬ್ಬಂಟಿಯಾಗಿ ಸಿದ್ಧರಾದವರಲ್ಲಿ ಏರಿದಷ್ಟು ಏರಲಿಲ್ಲ. ಸೌಮ್ಯ ಮತ್ತು ಮಧ್ಯಮ ಖಿನ್ನತೆಯಲ್ಲಿ ತರಬೇತಿ ಪಡೆದವರು ನಡೆಸುವ ಮಾತಿನ ಚಿಕಿತ್ಸೆ ಔಷಧಕ್ಕೆ ಸರಿಸಮನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಮಾತ್ರೆಯೋ ಮಾತೋ ಎಂದು ಆಯ್ಕೆ ಮಾಡಿಕೊಳ್ಳುವ ಅಗತ್ಯವಿಲ್ಲ.

ಮಳೆಗಾಲ ಶುರುವಾದ ಮೇಲೆ ಅಕ್ಕ ನಡುಮನೆ ಬಿಟ್ಟು ಹೊರಗೆ ಬರುವುದಿಲ್ಲ ಎಂದೂ ಬರೆದಿದ್ದೀರಿ. ಕಣ್ಣಿನ ಪರದೆಗೆ ಬೀಳುವ ಬೆಳಕು ಮೆದುಳಿನ ದಿನದ ಗಡಿಯಾರವನ್ನು ಹೊಂದಿಸಿ, ನಿದ್ದೆಯ ಹೊತ್ತನ್ನು ತಿಳಿಸುವ ಮೆಲಟೋನಿನ್ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂಬುದನ್ನು ನಿರ್ಧರಿಸುತ್ತದೆ. ಮೋಡ ಕವಿದ ಹಗಲಿನಲ್ಲೂ ಹೊರಗಿನ ಬೆಳಕು ನಡುಮನೆಯ ದೀಪದ ಬೆಳಕಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಬೆಳಿಗ್ಗೆಯ ಕಾಫಿಯನ್ನು ಜಗುಲಿಯಲ್ಲಿ ಜೊತೆಗೆ ಕೂತು ಕುಡಿದರೂ ಉಪಯೋಗವಿದೆ.

ಮಾತ್ರೆ ಶುರುವಾದ ಮೊದಲ ಒಂದೆರಡು ವಾರ ವಾಕರಿಕೆ, ತಲೆನೋವು, ಚಡಪಡಿಕೆ ಇರಬಹುದು. ಕರುಳಿನ ಸೆರೊಟೋನಿನ್ ಮೇಲೂ ಮಾತ್ರೆ ಕೆಲಸ ಮಾಡುವುದು ವಾಕರಿಕೆಗೆ ಕಾರಣ, ಸಾಮಾನ್ಯವಾಗಿ ಅದು ಕಡಿಮೆಯಾಗುತ್ತದೆ. ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ರಾಭಂಗ ಕಾಣಿಸಿಕೊಳ್ಳುವುದರಿಂದ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಾದರೆ, ಅಥವಾ ಬದುಕಿ ಏನು ಪ್ರಯೋಜನ ಎಂಬಂಥ ಮಾತು ಅಕ್ಕನ ಬಾಯಲ್ಲಿ ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅದೇ ದಿನ ವೈದ್ಯರಲ್ಲಿಗೆ, ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಾತ್ರಿಯಾಗಿದ್ದರೆ ಅಥವಾ ಮಳೆಗೆ ರಸ್ತೆ ಕಟ್ಟಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ, ರೋಗಿಯ ಪರವಾಗಿ ಮನೆಯವರೂ ಕರೆ ಮಾಡಬಹುದು.