ಒಂದೇ ತರಗತಿಯಲ್ಲಿ ಬೇರೆ ಬೇರೆ ಸಾಮರ್ಥ್ಯದ ಪುಟ್ಟ ಮಕ್ಕಳಿದ್ದರೆ ಬೇರೆ ಪಾಠ ಮಾಡಬೇಕಾ?

ನಿಮ್ಮದು 3ರಿಂದ 5 ವರ್ಷದ 18 ಮಕ್ಕಳ ತರಗತಿ. ಒಬ್ಬಳಿಗೆ ಇನ್ನೂ ಮಾತು ಬಂದಿಲ್ಲ, ಒಬ್ಬನಿಗೆ ಬೆರಳಿನ ಹಿಡಿತ ಸಾಲದು, ಇನ್ನೊಬ್ಬ ಎರಡು ನಿಮಿಷವೂ ಕೂರುವುದಿಲ್ಲ. ಈ ಮೂವರಿಗೆ ಪ್ರತ್ಯೇಕ ಪಾಠ ತಯಾರಿಸಬೇಕಾ ಎಂದು ಕೇಳಿದ್ದೀರಿ.

ಬೇಡ. ಪ್ರತ್ಯೇಕ ಪಾಠ ಎಂದರೆ ಪ್ರತ್ಯೇಕ ಮೂಲೆ. ಅಲ್ಲಿಗೆ ಮಗು ಎಲ್ಲರ ಜೊತೆಗಿದ್ದೂ ಒಂಟಿಯಾಗುತ್ತದೆ. ಚಟುವಟಿಕೆ ಒಂದೇ ಇರಲಿ, ಅದರಲ್ಲಿ ಯಾರು ಎಷ್ಟು ಮಾಡಬೇಕು, ಯಾವುದರಿಂದ ಮಾಡಬೇಕು ಎಂಬುದನ್ನು ಬದಲಿಸಿ.

ಕಾಗದದ ಎಲೆ ಅಂಟಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಕೆಲವರು ಕತ್ತರಿಯಲ್ಲಿ ಆಕಾರ ಕತ್ತರಿಸಲಿ, ಕೆಲವರು ಕೈಯಲ್ಲೇ ಹರಿಯಲಿ. ಹಿಡಿತ ಸಾಲದ ಮಗುವಿನ ಹಾಳೆಯ ನಾಲ್ಕು ಮೂಲೆಗೂ ಟೇಪ್ ಹಾಕಿ ಮೇಜಿಗೆ ಅಂಟಿಸಿ, ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ, ಗೋಂದನ್ನು ಸುಲಭಕ್ಕೆ ಉರುಳದ ಅಗಲ ಬಟ್ಟಲಲ್ಲಿ ಕೊಡಿ. ಇಷ್ಟೆಲ್ಲ ಮಾಡಿದರೂ ಕೈ ನಡುಗುತ್ತಿದ್ದರೆ ಮೇಜಿನ ಕೆಳಗೆ ಬಗ್ಗಿ ಪಾದ ನೋಡಿ. ಪಾದ ನೇತಾಡುತ್ತಿದ್ದರೆ ಮಗುವಿನ ಶಕ್ತಿಯೆಲ್ಲ ಬೀಳದಂತೆ ಕೂರುವುದಕ್ಕೇ ಹೋಗುತ್ತದೆ, ಬೆರಳಿಗೆ ಉಳಿಯುವುದಿಲ್ಲ. ಪಾದದಡಿ ಗಟ್ಟಿ ಪೆಟ್ಟಿಗೆ ಇಡಿ. ಮೇಜು ಮೊಣಕೈ ಮಟ್ಟಕ್ಕೆ ಬರಲಿ. ಕೈಯ ತೊಂದರೆ ಎಂದುಕೊಂಡದ್ದು ಎಷ್ಟೋ ಸಲ ಕುರ್ಚಿಯ ತೊಂದರೆಯಾಗಿರುತ್ತದೆ.

ಮಾತು ಬಾರದ ಮಗುವಿಗೆ ಎರಡು ಎಲೆ ಹಿಡಿದು, ಅವಳ ಕಣ್ಣಿನ ಮಟ್ಟಕ್ಕೆ ಕೂತು, "ಕೆಂಪು ಬೇಕಾ, ಹಸಿರು ಬೇಕಾ?" ಎಂದು ಒಂದೇ ಸಲ ಕೇಳಿ. ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ನಾವು ಸಾಮಾನ್ಯವಾಗಿ ಎರಡು ಸೆಕೆಂಡಿಗೇ ಮತ್ತೆ ಕೇಳಿಬಿಡುತ್ತೇವೆ, ಅವಳು ಉತ್ತರ ಹುಡುಕುವಷ್ಟರಲ್ಲಿ ಎರಡನೇ ಪ್ರಶ್ನೆ ಬಂದು ಮೊದಲನೆಯದನ್ನು ಅಳಿಸಿಹಾಕುತ್ತದೆ. ದಿಟ್ಟಿಸಿ ನೋಡಿದ್ದೂ ಉತ್ತರ, ಕೈ ಚಾಚಿದ್ದೂ ಉತ್ತರ. "ಹಸಿರು! ಹಸಿರು ಬೇಕು" ಎಂದು ನೀವು ಹೇಳಿ, ಕೂಡಲೇ ಕೊಡಿ. ಬಾಯಿಬಿಟ್ಟು ಹೇಳಿದರೇ ಕೊಡುತ್ತೇನೆ ಎಂದು ಸತಾಯಿಸಬೇಡಿ.

ಬೇಕಾದ್ದನ್ನು ತೋರಿಸಿ ಹೇಳಲು ಅವಳಿಗೆ ಚಿತ್ರದ ಕಾರ್ಡ್ ಕೊಡಿ. ಅದನ್ನು ಬಳಸಿದರೆ ಮಾತು ಬರುವುದು ತಡವಾಗುತ್ತದೆ ಎಂಬ ಹೆದರಿಕೆ ಬೇಡ, ಹಾಗಾಗುವುದಿಲ್ಲ. ಐದಾರು ಕಾರ್ಡಿನಿಂದ ಶುರು ಮಾಡಿ. ಎಲ್ಲರೂ ನೀರು, ಊಟ, ಟಾಯ್ಲೆಟ್ ಮಾಡಿಕೊಂಡು "ಬೇಡ", "ಸಾಕು", "ಇನ್ನೂ ಬೇಕು" ಮರೆಯುತ್ತಾರೆ. ನನ್ನ ಪ್ರಕಾರ "ಬೇಡ" ಮೊದಲ ಕಾರ್ಡುಗಳಲ್ಲೇ ಇರಬೇಕು. ಬೇಡ ಎನ್ನಲು ದಾರಿ ಇಲ್ಲದ ಮಗು ಕಚ್ಚುತ್ತದೆ, ತಳ್ಳುತ್ತದೆ. ಅವಳು ಆ ಕಾರ್ಡ್ ತೋರಿಸಿದಾಗ, ಅದರಲ್ಲೂ ಮೊದಲ ವಾರಗಳಲ್ಲಿ, ಒಪ್ಪಿಕೊಳ್ಳಿ. ಕಾರ್ಡ್ ಅವಳ ಕೈಗೆಟುಕುವಲ್ಲಿರಲಿ, ಬೀರುವಿನಲ್ಲಲ್ಲ. ನೀವೂ ಮಾತಾಡುತ್ತಾ ಅವನ್ನು ತೋರಿಸಿ.

ಕೂರದ ಮಗುವಿನ ವಿಷಯ. ಈ ವಯಸ್ಸಿಗೆ ವೃತ್ತದಲ್ಲಿ ಕೂರಿಸುವುದು 10 ನಿಮಿಷ ದಾಟಬಾರದು, ಅದು ಎಲ್ಲರಿಗೂ ಅನ್ವಯ. ಅವನು ಎರಡು ನಿಮಿಷ ಕೂರುತ್ತಾನಾದರೆ ಒಂದೂವರೆ ನಿಮಿಷಕ್ಕೇ ಎಬ್ಬಿಸಿ ಕೆಲಸ ಕೊಡಿ: ಚಿತ್ರ ಹಂಚುವುದು, ಗಂಟೆ ಬಾರಿಸುವುದು. ಓಡಿದ ಮೇಲೆ ಹಿಡಿದು ತಂದರೆ ಅವನು ಕಲಿಯುವುದು ಓಡಾಟದ ಆಟವನ್ನು. ಕೂರುವ ಜಾಗ ನೆಲದ ಮೇಲೆ ಬಣ್ಣದ ಟೇಪಿನಿಂದ ಗುರುತಾಗಿರಲಿ, ಬಾಗಿಲಿಗೆ ದೂರವಿರಲಿ.

ಗಲಾಟೆ ಹೆಚ್ಚಾಗಿ ಪಾಠದಲ್ಲಿ ಆಗುವುದಲ್ಲ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಆಗುವುದು. ದಿನದ ಕ್ರಮವನ್ನು ಐದಾರು ಚಿತ್ರಗಳಲ್ಲಿ ಗೋಡೆಗೆ ಹಾಕಿ, ಮುಗಿದದ್ದನ್ನು ಮಕ್ಕಳ ಕೈಯಲ್ಲೇ ತೆಗೆಸಿ. ಆಟ ನಿಲ್ಲಿಸುವ ಎರಡು ನಿಮಿಷ ಮೊದಲು ಮರಳು ಗಡಿಯಾರ ತಿರುಗಿಸಿ. ಕೈ ತೊಳೆಯಲು ಹದಿನೆಂಟೂ ಮಕ್ಕಳನ್ನು ಸಾಲು ನಿಲ್ಲಿಸಬೇಡಿ, ಮೂವರಂತೆ ಕಳಿಸಿ.

ಸಹಾಯಕಿ ಇದ್ದರೆ ಅವರು ಮಗುವಿಗೆ ಅಂಟಿಕೊಂಡು ಕೂರಬಾರದು. ಕೂತರೆ ಬೇರೆ ಮಕ್ಕಳು ಹತ್ತಿರವೇ ಬರುವುದಿಲ್ಲ. ಒಂದು ಹೆಜ್ಜೆ ಹಿಂದಿರಲಿ. ಗೊತ್ತಿರುವ ಕೆಲಸದಲ್ಲಿ ಮೊದಲು ಕಾಯುವುದು, ಆಮೇಲೆ ಬೆರಳು ತೋರಿಸುವುದು, ಆಮೇಲೆ ಮಾತು, ಕೊನೆಗೆ ಕೈ ಹಿಡಿಯುವುದು. ಹೊಸ ಕೆಲಸವನ್ನು ಕೊನೆಯಿಂದ ಕಲಿಸಿ. ಶೂ ಆದರೆ ಎಲ್ಲ ನೀವೇ ಹಾಕಿ, ಪಟ್ಟಿ ಅಂಟಿಸುವುದೊಂದನ್ನು ಮಗುವಿಗೆ ಬಿಡಿ. ಅದು ಬಂದ ಮೇಲೆ ಅದರ ಹಿಂದಿನದು. ಹೀಗಾದರೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ ಆಗುತ್ತದೆ.

"ಅವಳ್ಯಾಕೆ ಮಾತಾಡಲ್ಲ?" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಶ್ಶ್ ಎನ್ನಬೇಡಿ, ಪಾಪ ಎನ್ನಬೇಡಿ. "ಅವಳು ಕಾರ್ಡ್ ತೋರಿಸಿ ಹೇಳ್ತಾಳೆ, ನೀನೇ ಕೇಳಿ ನೋಡು" ಅಂದರೆ ಸಾಕು.

ಇದೆಲ್ಲದರ ಜೊತೆಗೆ ಒಂದು ಕೆಲಸ ಈ ವಾರವೇ ಆಗಲಿ: ಆ ಹುಡುಗಿಯ ಕಿವಿ ಪರೀಕ್ಷೆಯಾಗಿದೆಯೇ ಎಂದು ಮನೆಯವರನ್ನು ಕೇಳಿ. ಕರೆದರೆ ತಿರುಗುತ್ತಾಳೆ ಎಂಬುದು ಪರೀಕ್ಷೆಯಲ್ಲ. ಕಡಿಮೆ ಕೇಳುವ ಮಗುವೂ ತಿರುಗಬಹುದು, ಆದರೆ ಮಾತಿನೊಳಗಿನ ಸಣ್ಣ ಸದ್ದುಗಳು ಅದಕ್ಕೆ ತಲುಪುತ್ತಿರುವುದಿಲ್ಲ.