ಮಾರತ್ತಹಳ್ಳಿ ಯಾಕೆ ಮಾರತ್ತ‘ಹಲ್ಲಿ’ ಆಗತ್ತೆ?

ಪ್ರಶ್ನೆ: ನಾವು ವಿಜಯನಗರದಲ್ಲಿರೋದು. ನನ್ನ ಹೆಂಡ್ತಿ ಲಕ್ನೋದವಳು, ಮದ್ವೆ ಆಗಿ 4 ವರ್ಷ ಆಯ್ತು, ಈಗ ಸೊಪ್ಪಿನವರ ಹತ್ರ ಚೌಕಾಸಿನೂ ಕನ್ನಡದಲ್ಲೇ ಮಾಡ್ತಾಳೆ. ಆದ್ರೆ ‘ಳ’ ಮಾತ್ರ ಬರಲ್ಲ. ಮಾರತ್ತಹಳ್ಳಿ ಅಂದ್ರೆ ಮಾರತ್ತಹಲ್ಲಿ, ಇನ್ನು ‘ಹೇಳಿ ಅತ್ತೆ’ ಅನ್ನೋದು ಏನಾಗತ್ತೆ ಅಂತ ನೀವೇ ಊಹಿಸ್ಕೊಳ್ಳಿ, ನಮ್ಮಮ್ಮ ನಗು ತಡೀಲಾರ್ದೆ ಅಡುಗೆಮನೆಗೆ ಓಡೋಗ್ತಾರೆ. 8 ತಿಂಗಳ ಮಗಳಿದಾಳೆ, ಅವಳಿಗೂ ಹೀಗೇ ಆಗತ್ತಾ? ನಾಲಿಗೆಗೆ ಏನಾದ್ರೂ ವ್ಯಾಯಾಮ ಇದ್ಯಾ?

ಉತ್ತರ: ವ್ಯಾಯಾಮ ಬೇಕಿರೋದು ನಾಲಿಗೆಗಲ್ಲ, ಕಿವಿಗೆ. ನಿಮ್ಮ ಮನೆಯವ್ರ ನಾಲಿಗೆ ಆಗ್ಲೇ ಚೆನ್ನಾಗಿ ತಿರುಗ್ತಿದೆ. ಅವರು ಹಿಂದಿಯಲ್ಲಿ ‘ಸಡಕ್’, ‘ಪೇಡ್’ ಅನ್ನೋವಾಗ ನೋಡಿ, ನಾಲಿಗೆ ತುದಿ ಹಿಂದಕ್ಕೆ ಮಡಚ್ಕೊಂಡು ಅಂಗುಳಕ್ಕೆ ಬಡಿದು ಕೆಳಗೆ ಬೀಳತ್ತೆ, ಅದು ‘ಳ’ ಇರೋ ಜಾಗದ ಪಕ್ಕದ ಮನೆ. ‘ಲ’ ಅನ್ನೋವಾಗ ತುದಿ ಮುಂದೆ ಹಲ್ಲಿನ ಬುಡದ ಹತ್ರ ಅಡ್ಡ ನಿಂತು ಗಾಳಿನ ಎರಡೂ ಪಕ್ಕದಿಂದ ಹೊರಗೆ ಬಿಡೋದೂ ಗೊತ್ತು. ಡಕಾರದ ಜಾಗ, ಲಕಾರದ ಗಾಳಿ, ಎರಡೂ ಕೂಡಿದ್ರೆ ‘ಳ’. ಸಾಮಾನೆಲ್ಲ ಮನೇಲೇ ಇದೆ, ಅಡುಗೆ ಆಗಿಲ್ಲ ಅಷ್ಟೇ.

ಯಾಕಾಗಿಲ್ಲ ಅಂದ್ರೆ ಹಿಂದಿಯಲ್ಲಿ ಲ-ಳ ಬೇರೆ ಮಾಡೋ ಕೆಲಸನೇ ಇಲ್ಲ (ಮರಾಠಿ, ಗುಜರಾತಿ, ಒಡಿಯಾದಲ್ಲಿ ಇದೆ, ಅದಕ್ಕೇ ಪುಣೆಯವ್ರಿಗೆ ನಮ್ಮ ‘ಹಳ್ಳಿ’ ಸಲೀಸು), ಹಾಗಾಗಿ ಅವರ ಕಿವಿ ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿಬಿಟ್ಟಿದೆ. ಇದು ಯಾವಾಗ ಆಗತ್ತೆ ಗೊತ್ತಾ, ಒಂದು ವರ್ಷ ತುಂಬೋಷ್ಟರಲ್ಲಿ! ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅನ್ನೋ ಸಂಶೋಧಕರು ಇಂಗ್ಲಿಷ್ ಮನೆಗಳ ಮಕ್ಕಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದ್ರು, ಶಬ್ದ ಬದಲಾದಾಗ ಮಗು ತಲೆ ತಿರುಗಿಸಿದ್ರೆ ಒಂದು ಬೊಂಬೆ ಕುಣಿಯೋ ಥರ ಏರ್ಪಾಡು. 6ರಿಂದ 8 ತಿಂಗಳ ಮಕ್ಕಳು ವ್ಯತ್ಯಾಸ ಹಿಡಿದ್ರು, 10-12 ತಿಂಗಳಿನವು ಹೆಚ್ಚಿನವು ಹಿಡೀಲಿಲ್ಲ, ಆದ್ರೆ ಹಿಂದಿ ಮನೆಯ ಅದೇ ವಯಸ್ಸಿನ ಮಕ್ಕಳು ಹಿಡಿದ್ರು. 1984ರಲ್ಲಿ ಬಂದ ಫಲಿತಾಂಶ ಇದು. ಅಂದ್ರೆ ನಿಮ್ಮ ಮಗಳು ಈಗ ಸರಿಯಾದ ಟೈಮಲ್ಲೇ ಇದಾಳೆ. ನೀವೂ ಅಜ್ಜಿನೂ ಅವಳ ಜೊತೆ ದಿನಾ ಬಾಯ್ತುಂಬ ಮಾತಾಡಿ, ಟಿವಿ ಮುಂದೆ ಕೂರಿಸೋದು ಲೆಕ್ಕಕ್ಕಿಲ್ಲ. ಅಮ್ಮ ಹಿಂದಿಯಲ್ಲೇ ಮಾತಾಡ್ಲಿ, ಏನೂ ತೊಂದ್ರೆ ಇಲ್ಲ, ಎರಡೂ ಭಾಷೆ ಬರತ್ತೆ. ಎರಡು ಮೂರು ವರ್ಷದಲ್ಲಿ ಅವಳೂ ‘ಬಾಲೆಹಣ್ಣು’ ಅಂದ್ರೆ ಗಾಬರಿ ಬೇಡ, ಕನ್ನಡದ ಮನೆ ಮಕ್ಕಳೂ ಹಾಗೇ ಅಂತಾರೆ.

ಈಗ ಮನೆಯವ್ರ ವಿಷ್ಯ. ಎಲ್ರೂ ‘ಳ ಅನ್ನಿ, ಳ ಅನ್ನಿ’ ಅಂತ ಪೀಡಿಸ್ತಾರೆ, ಅದು ದಂಡ. ‘ಳ’ದ ಗುರುತು ಬಹುಪಾಲು ಇರೋದು ಅದರ ಹಿಂದಿನ ಸ್ವರದಲ್ಲಿ. ‘ಮಳೆ’ ಅನ್ನೋವಾಗ ‘ಮ’ದ ಅಕಾರ ಮುಗಿಯೋ ಮೊದ್ಲೇ ನಾಲಿಗೆ ಮಡಚೋಕೆ ಶುರು ಮಾಡಿರತ್ತೆ, ಅದಕ್ಕೆ ಆ ಅಕಾರದ ಬಾಲ ಸ್ವಲ್ಪ ದಪ್ಪಗೆ, ಒಳಗಿಂದ ಕೇಳಿದಂಗೆ ಇರತ್ತೆ. ಕನ್ನಡದಲ್ಲಿ ಯಾವ ಪದನೂ ‘ಳ’ದಿಂದ ಶುರುವಾಗಲ್ಲ ಅನ್ನೋದು ಗಮನಿಸಿದೀರಾ, ‘ಣ’ದಿಂದಲೂ ಇಲ್ಲ. ಹಿಂದೆ ಒಂದು ಸ್ವರ ಇಲ್ದೆ ಇವು ಸರಿಯಾಗಿ ಕೇಳಿಸೋದೇ ಕಷ್ಟ. ಹಾಗಾಗಿ ಒಂಟಿ ‘ಳ’ ಬಿಟ್ಟು ಜೋಡಿ ಪದ ತಗೊಳ್ಳಿ: ಹುಲಿ-ಹುಳಿ, ಬೆಲೆ-ಬೆಳೆ, ಕಲೆ-ಕಳೆ, ಹಲ್ಲಿ-ಹಳ್ಳಿ. ನಿಮ್ಮ, ಅಮ್ಮನ, ಪಕ್ಕದ ಮನೆಯವ್ರ, ಆಫೀಸಿನವ್ರ ದನಿಯಲ್ಲಿ ಫೋನಲ್ಲಿ ರೆಕಾರ್ಡ್ ಮಾಡಿ ಕಲಸಿ ಕೇಳಿಸಿ, ಯಾವುದು ಅಂತ ಅವರು ಹೇಳ್ಲಿ, ತಪ್ಪೋ ಸರಿನೋ ಆ ಕ್ಷಣಕ್ಕೇ ತಿಳಿಸಿ. ಎಷ್ಟು ಬೇರೆ ಬೇರೆ ದನಿ ಇದ್ರೆ ಅಷ್ಟು ಒಳ್ಳೇದು, ಜಪಾನಿನವ್ರಿಗೆ ಇಂಗ್ಲಿಷಿನ ರ-ಲ ಹೀಗೇ ಕಲಿಸಿ ನೋಡಿದ್ದಾರೆ, ದೊಡ್ಡವರಿಗೂ ಸುಧಾರಣೆ ಆಯ್ತು. ಕಿವಿ ಬೇರೆ ಮಾಡೋಕೆ ಶುರು ಮಾಡಿದ್ಮೇಲೆ ಬಾಯಿಗೆ ಬನ್ನಿ: ‘ಅಡ’ ಅನ್ನೋಕೆ ಹೋಗಿ ನಾಲಿಗೆ ಅಂಗುಳಕ್ಕೆ ತಗುಲಿದ ಕೂಡಲೇ ಅಲ್ಲೇ ನಿಲ್ಸಿ, ಪಕ್ಕದಿಂದ ಗಾಳಿ ಬಿಡಿ. ‘ಅಳ’.

ಬೋರ್ಡ್‌ಗಳದ್ದೂ ತಪ್ಪಿದೆ, ಇಂಗ್ಲಿಷ್ ಅಕ್ಷರದಲ್ಲಿ ಹಳ್ಳಿಗೂ ಹಲ್ಲಿಗೂ ಒಂದೇ ಸ್ಪೆಲ್ಲಿಂಗು, ಓದಿ ಕಲ್ತವ್ರು ಏನ್ ಮಾಡ್ತಾರೆ. ಇನ್ನು ಅಮ್ಮ ತುಂಬ ನಗ್ತಿದ್ರೆ ಯಾರಾದ್ರೂ ತಮಿಳಿನವ್ರ ಹತ್ರ ‘ವಾೞೈಪ್ಪೞಂ’ (ಬಾಳೆಹಣ್ಣು) ಹೇಳಿಸ್ಕೊಂಡು ಅಮ್ಮನ ಬಾಯಲ್ಲೂ ಹಾಗೇ ಹೇಳ್ಸಿ ನೋಡಿ. ಆ ‘ೞ’ ಹಳೆಗನ್ನಡದಲ್ಲೂ ಇತ್ತು, ‘ಬಾೞೆ’, ‘ಕೋೞಿ’ ಅಂತಲೇ ಬರೀತಿದ್ರು, ಆಮೇಲೆ ನಾವೂ ಅದನ್ನ ‘ಳ’ ಡಬ್ಬಿಗೇ ಸುರಿದ್ವಿ. ಈಗ ‘ತಮಿೞ್’ ಅನ್ನೋಕೆ ನಮಗೂ ನಾಲಿಗೆ ಹೊರಳಲ್ಲ.

ಅಂದಹಾಗೆ ‘ಹೇಳಿ’ಯಿಂದ ಶುರು ಮಾಡ್ಬೇಡಿ. ಅದನ್ನ ಕೊನೆಗಿಟ್ಕೊಳ್ಳಿ, ‘ಮಳೆ’ಯಿಂದ ಹೊರಡಿ.