ಗಡುವಿಗೆ ಮುನ್ನ ಹುಡುಕಬೇಕಾದದ್ದು ವೇಗದ ಕೊಳವನ್ನಲ್ಲ, ರಿಲೇಯ ಮೊದಲ ಲೆಗ್ ಅನ್ನು

ಮಗಳು 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಅಮೆರಿಕದ ಒಲಿಂಪಿಕ್ ತಂಡವನ್ನು ಆರಿಸುವ ಟ್ರಯಲ್ಸ್‌ನ ಅರ್ಹತಾ ಸಮಯಕ್ಕೆ 0.3 ಸೆಕೆಂಡು ಹಿಂದಿದ್ದಾಳೆ, ಗಡುವಿಗೆ ಮುನ್ನ ಯಾವ ‘ವೇಗದ ಕೊಳ’ಕ್ಕೆ ಕರೆದೊಯ್ಯಲಿ ಎಂದು ಕೇಳಿದ್ದೀರಿ. 2016ರ ಟ್ರಯಲ್ಸ್‌ಗೆ ಮುನ್ನ ನಮ್ಮ ಮನೆಯಲ್ಲೂ ಇದೇ ಸ್ಪರ್ಧೆ, ಇದೇ ಅಂತರ, ಇದೇ ಪ್ರಶ್ನೆ ಇತ್ತು; ಈಜುತ್ತಿದ್ದವನು ನನ್ನ ಮಗ.

ಆಳವಾದ ಕೊಳ, ಅಲೆ ಏಳುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ನಾನು ಅವನನ್ನು ಟೆಕ್ಸಾಸಿನ ಒಂದು ಕೂಟಕ್ಕೆ ಕರೆದೊಯ್ದೆ. ವೈಯಕ್ತಿಕ ಸ್ಪರ್ಧೆಯಲ್ಲಿ ಅವನ ಸಮಯ ಇದ್ದಲ್ಲೇ ಇತ್ತು. ಮರುದಿನ ಸಂಜೆ 4×100 ರಿಲೇಯಲ್ಲಿ ಕೊನೆಯ ಲೆಗ್, ಅಂದರೆ ನಾಲ್ಕನೆಯವನಾಗಿ ಈಜುವ ಸರದಿ, ಅವನ ಪಾಲಿಗೆ ಬಂತು. ಗೋಡೆಗೆ ಅಂಟಿಸಿದ್ದ ಫಲಿತಾಂಶದ ಹಾಳೆಯಲ್ಲಿ ನಾಲ್ವರ ಸ್ಪ್ಲಿಟ್‌ಗಳು, ಅಂದರೆ ಒಬ್ಬೊಬ್ಬರ ಸಮಯ, ಒಂದರ ಕೆಳಗೊಂದು ಇದ್ದವು. ಕೊನೆಯ ಸಾಲಿನಲ್ಲಿ ಮಗನ ಹೆಸರು, ಅದರೆದುರು ಅರ್ಹತಾ ಸಮಯಕ್ಕಿಂತ 0.2 ಸೆಕೆಂಡು ಕಡಿಮೆಯಾದ ಅಂಕಿ. ನಾನು ಅದರ ಫೋಟೊ ತೆಗೆದು ಊರಿನಲ್ಲಿದ್ದ ಅವನ ಅಜ್ಜನಿಗೆ ಕಳುಹಿಸಿಯೂಬಿಟ್ಟೆ. ಕೂಟದ ಕೊನೆಯ ದಿನ ಒಂದು ಟೈಮ್ ಟ್ರಯಲ್, ಅಂದರೆ ಪದಕಕ್ಕಲ್ಲದೆ ಸಮಯ ದಾಖಲಿಸಲೆಂದೇ ಈಜುವ ಅವಕಾಶ, ಇತ್ತು. ಕೆಲಸ ಆಯಿತಲ್ಲ, ಹುಡುಗನನ್ನು ಇನ್ನೇಕೆ ದಣಿಸಬೇಕು ಎಂದು ಅವನ ಹೆಸರನ್ನು ಹಿಂತೆಗೆಸಿ, ಟಿಕೆಟ್ ಬದಲಿಸಿ ಮನೆಗೆ ಮರಳಿದೆವು. ಬೇರೆ ಊರಿನಲ್ಲಿದ್ದ ಕೋಚ್‌ಗೆ ನಾನು ಒಂದು ಮಾತೂ ಕೇಳಲಿಲ್ಲ. ಮಗನಿಗೆ ಅನುಮಾನವಿತ್ತಂತೆ, ನನ್ನ ಸಂಭ್ರಮದೆದುರು ಬಾಯಿ ಬಿಡಲಿಲ್ಲ.

ಆ ಸಮಯ ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಫಲಿತಾಂಶದ ಹಾಳೆ ಇದನ್ನು ಹೇಳುವುದಿಲ್ಲ. ರಿಲೇಯಲ್ಲಿ ಮೊದಲ ಲೆಗ್ ಈಜುವವರು ಮಾತ್ರ ಬೀಪ್ ಸದ್ದು ಕೇಳಿ ಹಾರುತ್ತಾರೆ. ಸದ್ದು ಕಿವಿಗೆ ಬಿದ್ದು ಪಾದ ಬ್ಲಾಕ್ (ಹಾರುವ ಕಟ್ಟೆ) ಬಿಡುವ ಹೊತ್ತಿಗೆ ಸುಮಾರು 0.6ರಿಂದ 0.7 ಸೆಕೆಂಡು ಕಳೆದಿರುತ್ತದೆ. ಉಳಿದ ಮೂವರು ಸದ್ದಿಗೆ ಕಾಯುವುದಿಲ್ಲ: ಗೋಡೆಯತ್ತ ಬರುತ್ತಿರುವ ಜೊತೆಗಾರನನ್ನು ಕಣ್ಣಾರೆ ನೋಡುತ್ತ, ತೋಳು ಬೀಸಿ ಮೈಯನ್ನು ಆಗಲೇ ಮುಂದಕ್ಕೆ ಚಿಮ್ಮಿಸಿರುತ್ತಾರೆ, ಅವನ ಕೈ ಗೋಡೆಯ ಮೇಲಿನ ಟಚ್‌ಪ್ಯಾಡ್ ಮುಟ್ಟುವವರೆಗೆ ಇವರ ಕಾಲ್ಬೆರಳು ಬ್ಲಾಕ್ ಮೇಲಿದ್ದರೆ ಸಾಕು. ಒಳ್ಳೆಯ ಬದಲಾವಣೆಯಲ್ಲಿ 0.1 ಅಥವಾ 0.2 ಸೆಕೆಂಡಷ್ಟೇ ವ್ಯಯವಾಗುತ್ತದೆ. 0.3 ಹಿಂದಿದ್ದ ನನ್ನ ಮಗ 0.2 ಮುಂದೆ ಬಂದದ್ದು ಈ ಅರ್ಧ ಸೆಕೆಂಡಿನಿಂದಲೇ. ಅವನು ಈಜಿದ ವೇಗ ಎಳ್ಳಷ್ಟೂ ಬದಲಾಗಿರಲಿಲ್ಲ. ಅದೇ ಸಂಜೆ ಅವನನ್ನು ಮೊದಲ ಲೆಗ್‌ಗೆ ಇಳಿಸಿದ್ದರೆ ಆ ಸಮಯ ವೈಯಕ್ತಿಕ ಸಮಯಕ್ಕೆ ಸಮನಾಗಿ ದಾಖಲಾಗುತ್ತಿತ್ತು. ಆಮೇಲೆ ಉಳಿದವರ ತಪ್ಪಿನಿಂದ ತಂಡ ಅನರ್ಹವಾದರೂ ಅದಕ್ಕೆ ಧಕ್ಕೆಯಿಲ್ಲ. ನಮಗೆ ಇದು ತಿಳಿಯುವ ಹೊತ್ತಿಗೆ ನಮ್ಮ ಕೈಗೆಟುಕುವ ಕೂಟಗಳು ಮುಗಿದಿದ್ದವು. ಟ್ರಯಲ್ಸ್ ನಡೆದ ಒಮಾಹಾಗೆ ಅವನು ಹೋಗಲಿಲ್ಲ.

ಆದ್ದರಿಂದ ಯಾವ ಕೊಳ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆಳವೂ ಅಲೆ ಹೀರುವ ಲೇನ್ ಹಗ್ಗಗಳೂ ನೆರವಾಗುವುದು ನಿಜ, ಆದರೆ ಸ್ಟಾರ್ಟ್‌ನ ಮೊದಲ 15 ಮೀಟರಿನಲ್ಲಿ ಸೋರಿಹೋಗುವ ಸಮಯವನ್ನು ಯಾವ ಕೊಳವೂ ತುಂಬಿಕೊಡುವುದಿಲ್ಲ. ವಿಮಾನದ ಹಣವನ್ನು ಉಳಿಸಿ, ಉಳಿದ ವಾರಗಳನ್ನು ಸ್ಟಾರ್ಟ್‌ಗೆ ಮೀಸಲಿಡಿ.

25 ಯಾರ್ಡ್ ಉದ್ದದ ಕೊಳದ ಸಮಯವನ್ನು ಮೀಟರಿಗೆ ಪರಿವರ್ತಿಸಿದರೆ ಅವಳು ಆಗಲೇ ಅರ್ಹಳು ಎಂದೂ ಬರೆದಿದ್ದೀರಿ. ಆ ಲೆಕ್ಕವನ್ನು ಇಂದೇ ಬಿಡಿ. ಟ್ರಯಲ್ಸ್‌ಗೆ 50 ಮೀಟರ್ ಕೊಳದ ಸಮಯವೇ ಬೇಕು. ನೂರು ಯಾರ್ಡ್ ಎಂದರೆ 91.44 ಮೀಟರ್, ಅದರಲ್ಲಿ ಮೂರು ತಿರುವು; ಉದ್ದನೆಯ ಕೊಳದ ನೂರು ಮೀಟರಿನಲ್ಲಿ ಒಂದೇ ತಿರುವು. ಗೋಡೆಯನ್ನು ಒದ್ದು ನೀರಿನಡಿ ಸಾಗುವುದರಲ್ಲಿ ಗಟ್ಟಿಗರಾದವರಿಗೆ ಈ ಪರಿವರ್ತನೆ ಇಲ್ಲದ ಭರವಸೆ ಕೊಡುತ್ತದೆ.

ಟೈಮ್ ಟ್ರಯಲ್ ಎಂದರೆ ಎರಡನೇ ದರ್ಜೆಯ ಅವಕಾಶ ಎಂದು ನಾನು ಭಾವಿಸಿದ್ದೆ. 2021ರ ಜೂನ್‌ನಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ ರೋಮಿನ ಸೆಟ್ಟೆ ಕೊಲ್ಲಿ ಕೂಟದ ಟೈಮ್ ಟ್ರಯಲ್‌ನಲ್ಲೇ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆಯ ‘ಎ’ ಮಟ್ಟ 53.85 ಇತ್ತು. ಟೈಮ್ ಟ್ರಯಲ್‌ನ ಸಮಯವನ್ನು ಒಪ್ಪುತ್ತಾರೋ ಇಲ್ಲವೋ ಎಂಬ ಅನುಮಾನ ಮೊದಲಿಗಿತ್ತು, ಅಂತರರಾಷ್ಟ್ರೀಯ ಈಜು ಸಂಸ್ಥೆ ಒಪ್ಪಿತು, ಅವರು ಟೋಕಿಯೊದಲ್ಲಿ ಈಜಿದರು. ಇಂಥದ್ದೊಂದು ಅವಕಾಶವನ್ನೇ ನಾನು ಮಗನ ಕೈಯಿಂದ ಕಿತ್ತುಕೊಂಡದ್ದು.

ಟ್ರಯಲ್ಸ್‌ನಲ್ಲಿ ಪ್ರತಿ ಸ್ಪರ್ಧೆಯಿಂದ ಒಲಿಂಪಿಕ್ಸ್‌ಗೆ ಹೋಗುವವರು ಮೊದಲ ಇಬ್ಬರು, 100 ಮತ್ತು 200 ಮೀಟರ್ ಫ್ರೀಸ್ಟೈಲ್‌ನಲ್ಲಿ ರಿಲೇಗಾಗಿ ಇನ್ನು ಕೆಲವರು. ಅರ್ಹತಾ ಸಮಯ ಗಳಿಸಿದ ಹೆಚ್ಚಿನವರು ಹೀಟ್ಸ್ ಎಂಬ ಮೊದಲ ಸುತ್ತಿನಲ್ಲಿ ಒಮ್ಮೆ ಈಜಿ ಮನೆಗೆ ಮರಳುತ್ತಾರೆ. ಹಾಗಿದ್ದರೂ ಆ ಒಂದು ಈಜಿಗೆ ಬೆಲೆಯಿದೆ ಎಂದೇ ನಾನು ಗಟ್ಟಿಯಾಗಿ ನಂಬುತ್ತೇನೆ. ಬೇಡವೆಂದು ನಿಮಗೆ ಹೇಳಲಾರೆ.

ಕೋಚ್‌ಗೆ ಈ ವಾರವೇ ಫೋನ್ ಮಾಡಿ, ಮುಂದಿನ ಕೂಟದ ರಿಲೇಯಲ್ಲಿ ಅವಳಿಗೆ ಮೊದಲ ಲೆಗ್ ಕೇಳಿ, ಟೈಮ್ ಟ್ರಯಲ್ ಇದೆಯೇ ವಿಚಾರಿಸಿ. ಈಜಾದ ಮೇಲೆ ಆ ಸಮಯ ಅಮೆರಿಕದ ಈಜು ಸಂಸ್ಥೆ ಯುಎಸ್‌ಎ ಸ್ವಿಮ್ಮಿಂಗ್‌ನ ದಾಖಲೆಯಲ್ಲಿ ಅವಳ ಹೆಸರಿನಡಿ ಕಾಣುತ್ತಿದೆಯೇ ಎಂದು ನೀವೇ ನೋಡಿ. ಕಾಣದಿದ್ದರೆ ಗಡುವಿನ ಮೊದಲೇ ಕೋಚ್ ಮೂಲಕ ಕೂಟದ ಅಧಿಕಾರಿಗಳನ್ನು ಕೇಳಿಸಿ.